ಎಲ್ಲ ಹಾಡೂ ಫೋನಿನಲ್ಲೇ ಸಿಗುವಾಗ ಪ್ಲೇಟು ಯಾಕೆ ಬೇಕು?

ಬಸವನಗುಡಿ ಕೇಳುಗ:

ಒಂದು ರೆಕಾರ್ಡ್ ಪ್ಲೇಯರ್ ತಗೊಳ್ಳೋಣ ಅಂತ ಮನಸ್ಸು ಮಾಡಿದ್ದೇನೆ. ಆದರೆ ಮಗಳು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಹೊಳೆಯುತ್ತಿಲ್ಲ. "ಅಪ್ಪಾ, ನೀನು ಕೇಳೋ ಭೀಮಸೇನ ಜೋಶಿ, ಬಾಲಮುರಳಿ ಎಲ್ಲರೂ ಫೋನಲ್ಲೇ ಇದ್ದಾರೆ. ಹೆಸರು ಹೇಳಿದರೆ ಸಾಕು, ಹಾಡು ಶುರುವಾಗುತ್ತೆ. ಒಂದು ಹೊಸ ಎಲ್‌ಪಿ ಪ್ಲೇಟಿಗೆ ಕೊಡೋ ದುಡ್ಡಲ್ಲಿ ತಿಂಗಳುಗಟ್ಟಲೆ ಆ್ಯಪ್ ನಡೆಯುತ್ತೆ. ಮತ್ತೆ ಯಾಕೆ?"

ಹಳೆಯ ನೆನಪು ಅನ್ನುವ ಉತ್ತರ ಬೇಡ. ನಮ್ಮ ಮನೆಯಲ್ಲಿ ಗ್ರಾಮಫೋನ್ ಇರಲೇ ಇಲ್ಲ, ನಾನು ಬೆಳೆದದ್ದು ರೇಡಿಯೋ ಮತ್ತು ಕ್ಯಾಸೆಟ್ ಕೇಳಿಕೊಂಡು. ಪ್ಲೇಟು ಹಾಕಿ ಕೇಳುವವರು ಇಲ್ಲಿ ಹಲವರಿದ್ದೀರಿ. ನಿಮ್ಮ ನಿಜವಾದ ಕಾರಣ ಹೇಳಿ.

ಕರಾವಳಿ ಕಿವಿ:

ನಾದ ಮಾರಾಯ್ರೆ, ಮತ್ತೇನು? ಎಲ್‌ಪಿಯಲ್ಲಿ ತಂಬೂರಿಯ ಮಂದ್ರ ಕೋಣೆಯಿಡೀ ತುಂಬುತ್ತದೆ. ಫೋನಿನಲ್ಲಿ ಆ ತುಂಬು ಬರುವುದೇ ಇಲ್ಲ. ಡಿಜಿಟಲ್ ಅಂದರೆ ಧ್ವನಿಯನ್ನು ತುಂಡು ಮಾಡಿ ಮತ್ತೆ ಜೋಡಿಸಿ ಕೊಡುವುದು. ಪ್ಲೇಟಿನಲ್ಲಿ ಅದು ಹರಿದದ್ದು ಹರಿದ ಹಾಗೆಯೇ ಉಂಟು. ಒಂದು ಸಲ ಒಳ್ಳೆಯ ಸೆಟ್‌ನಲ್ಲಿ ಮಗಳಿಗೆ ಕೇಳಿಸಿ, ಮತ್ತೆ ಪ್ರಶ್ನೆ ಕೇಳಲಿಕ್ಕಿಲ್ಲ.

ಸ್ಟುಡಿಯೋ ಮೂಲೆ:

ಕರಾವಳಿ ಕಿವಿ ಅವರೇ, ನಿಮಗೆ ಕೇಳಿಸಿದ್ದು ನಿಜ. ಕೊಟ್ಟ ಕಾರಣಕ್ಕೆ ಮಾತ್ರ ನನ್ನ ತಕರಾರು. ಧ್ವನಿಮುದ್ರಣವೇ ನನ್ನ ಹೊಟ್ಟೆಪಾಡಾದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ, 16 ಬಿಟ್‌ನಲ್ಲಿ ಧ್ವನಿಯನ್ನು ಅಳೆಯುತ್ತಾರೆ. ಮನುಷ್ಯನ ಕಿವಿಗೆ ಕೇಳುವ 20 ಕಿಲೋಹರ್ಟ್ಸ್ ವರೆಗಿನ ಅಲೆಯನ್ನು ಮರಳಿ ಅಖಂಡವಾಗಿ ಕಟ್ಟಲು ಅಷ್ಟು ಸಾಕು. ಸ್ಪೀಕರಿಗೆ ಬರುವಾಗ ಅಲ್ಲಿ ತುಂಡು ಗಿಂಡು ಏನೂ ಇರುವುದಿಲ್ಲ. ಅತಿ ಮೆಲುದನಿಗೂ ಅತಿ ಜೋರು ದನಿಗೂ ನಡುವಿನ ಅಂತರ ಸಿಡಿಯಲ್ಲಿ ಸುಮಾರು 96 ಡೆಸಿಬಲ್, ಒಳ್ಳೆಯ ಎಲ್‌ಪಿಯಲ್ಲಿ 60ರಿಂದ 70.

ಇನ್ನು ಪ್ಲೇಟಿನಲ್ಲೂ ಧ್ವನಿ ಇದ್ದ ಹಾಗೇ ಇರುವುದಿಲ್ಲ. ಮಂದ್ರದ ಸ್ವರ ಗೆರೆಯನ್ನು ಬಹಳ ಅಗಲಕ್ಕೆ ಓಲಾಡಿಸುತ್ತದೆ. ಹಾಗೇ ಕೊರೆದರೆ ಪಕ್ಕದ ಗೆರೆಗೆ ನುಗ್ಗುತ್ತದೆ. ಅದಕ್ಕೆ ಕೊರೆಯುವಾಗಲೇ ಮಂದ್ರವನ್ನು ಇಳಿಸಿ ತಾರವನ್ನು ಏರಿಸುತ್ತಾರೆ, ನುಡಿಸುವಾಗ ಫೋನೋ ಪ್ರೀ-ಆಂಪ್ (ಸೂಜಿಯಿಂದ ಬರುವ ಸಣ್ಣ ಸಂಕೇತವನ್ನು ಹಿಗ್ಗಿಸುವ ಸಾಧನ) ಅದನ್ನು ತಿರುವಿ ಸರಿಮಾಡುತ್ತದೆ. 1954ರಲ್ಲಿ ಬಂದ, ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘದ ಆರ್‌ಐಎಎ ಅಳತೆ ಇವತ್ತಿಗೂ ಅದಕ್ಕೆ ಆಧಾರ. ಸ್ಟೀರಿಯೋ ಪ್ಲೇಟಿನಲ್ಲಿ ತೀರಾ ಕೆಳಗಿನ ಸ್ವರಗಳನ್ನು ಎಡಕ್ಕೂ ಬಲಕ್ಕೂ ಹಂಚದೆ ನಡುವಿಗೆ ತರುತ್ತಾರೆ. ಇಲ್ಲದಿದ್ದರೆ ಸೂಜಿ ಗೆರೆ ಬಿಟ್ಟು ಹಾರುತ್ತದೆ.

ಇನ್ನೊಂದು ವಿಷಯ ನಮ್ಮ ಸಂಗೀತಕ್ಕೆ ನೇರವಾಗಿ ತಾಗುತ್ತದೆ. ಎಲ್‌ಪಿ ನಿಮಿಷಕ್ಕೆ ಮೂವತ್ತಮೂರೂ ಚಿಲ್ಲರೆ ಸುತ್ತು ತಿರುಗುತ್ತದೆ. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೆರೆ ಸಾಗುತ್ತದೆ. ಲೇಬಲ್ ಹತ್ತಿರ ಬರುವ ಹೊತ್ತಿಗೆ ಅದು 20 ಸೆಂ.ಮೀ. ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೂರಬೇಕು, ಹಾಗಾಗಿ ಧ್ವನಿ ಅಲ್ಲಿ ಒರಟಾಗುತ್ತದೆ. ಹಿಂದೂಸ್ತಾನಿಯ ಖಯಾಲ್ ಗಾಯಕರ ದ್ರುತ್ (ವೇಗದ) ತಾನಗಳು ಬಂದು ಕೂರುವುದು ಸರಿಯಾಗಿ ಅಲ್ಲೇ! ನಿಧಾನದ ವಿಲಂಬಿತಕ್ಕೆ ವಿಶಾಲ ಜಾಗ, ಮಿಂಚಿನ ತಾನಕ್ಕೆ ಇಕ್ಕಟ್ಟು.

ಹಾಗಿದ್ದೂ ನಿಮಗೆ ಎಲ್‌ಪಿ ಹಿತವಾಗಿ ಕೇಳಿಸುವುದೇಕೆ? 1990ರ ದಶಕದಿಂದ ಸಿಡಿಗಳನ್ನು ಆದಷ್ಟು ಜೋರು ಮಾಡುವ ಪೈಪೋಟಿ ನಡೆಯಿತು. ಮೆಲುದನಿಯನ್ನೂ ಎತ್ತಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದರು. ನಿಮ್ಮ ಹಳೆಯ ಎಲ್‌ಪಿ ಅದಕ್ಕೂ ಮುಂಚಿನದು, ಅದರಲ್ಲಿ ಏರಿಳಿತ ಉಳಿದಿದೆ. ಜೊತೆಗೆ ಎಲ್‌ಪಿಯನ್ನು ನೀವು ದೊಡ್ಡ ಸ್ಪೀಕರ್ ಎದುರು ಕೂತು ಕೇಳುತ್ತೀರಿ, ಫೋನನ್ನು ಬಸ್ಸಿನಲ್ಲಿ. ನಾನೂ ಎಲ್‌ಪಿ ಪ್ರಿಯನೇ. ಆದರೆ ಅದರ ಸೌಂಡೇ ಮೇಲು ಅಂತ ಮಗಳ ಮುಂದೆ ವಾದ ಹೂಡಬೇಡಿ, ನಿಲ್ಲುವುದಿಲ್ಲ.

ಕರಾವಳಿ ಕಿವಿ:

ದ್ರುತ್ ವಿಷಯ ಹೌದು. ಕೊನೆಗೆ ಬರುವಾಗ ಸ್ವಲ್ಪ ಕರಕರ ಅನ್ನುವುದು ಸೂಜಿಯ ತೊಂದರೆ ಅಂತ ನಾನು ಸೂಜಿ ಬದಲಿಸಲಿಕ್ಕೆ ಹೊರಟಿದ್ದೆ. ಆದರೆ ಕೂತು ಕೇಳುತ್ತೇವೆ ಅಂತ ನೀವೇ ಹೇಳಿದಿರಲ್ಲ, ಅದೂ ಒಂದು ಕಾರಣವೇ ಅಲ್ಲವೇ?

ಧಾರವಾಡದಾಂವ:

ಸೌಂಡಿನ ಮಾತು ಸ್ವಲ್ಪ ಬಾಜೂಕ ಇಡ್ರಿ. ಒಂದು ಪ್ಲೇಟು ನಮ್ಮ ಕಡೆ ಏನು ಮಾಡ್ತು ಅಂತ ಹೇಳ್ತೀನಿ. ಗದಗಿನ ಹುಡುಗ ಭೀಮಸೇನ ಅಂಗಡಿ ಮುಂದ ನಿಂತು ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿ ಕೇಳಿದ. ಹಂಗ ಹಾಡೋದು ಕಲೀಲೇಬೇಕು ಅಂತ 1933ರಾಗ, ಹನ್ನೊಂದನೇ ವಯಸ್ಸಿನ್ಯಾಗ, ಗುರುವನ್ನ ಹುಡುಕ್ಕೋತ ಮನಿ ಬಿಟ್ಟು ಹೋದ. ಗ್ವಾಲಿಯರ್, ಜಲಂಧರ ಅಂತ ಉತ್ತರದ ಊರೆಲ್ಲಾ ತಿರುಗಿ, ಕಡೀಕೆ ಇಲ್ಲೇ ಕುಂದಗೋಳದಾಗ ಸವಾಯಿ ಗಂಧರ್ವರ ಮುಂದ ಬಂದು ಕೂತ. ಆ ಸವಾಯಿ ಗಂಧರ್ವರು ಯಾರ ಶಿಷ್ಯರು? ಅದೇ ಕರೀಂ ಖಾನರ ಶಿಷ್ಯರು.

ಹತ್ತು ಇಂಚಿನ 78ರ ಪ್ಲೇಟು, ಅಂದ್ರ ನಿಮಿಷಕ್ಕ 78 ಸುತ್ತು ತಿರುಗೋ ಹಳೇ ಪ್ಲೇಟು, ಒಂದು ಬದಿ ಮೂರು ಮೂರೂವರಿ ನಿಮಿಷ ಅಷ್ಟ. ಮೈಫಿಲಿನ್ಯಾಗ ತಾಸುಗಟ್ಟಲೆ ಹಾಡೋ ರಾಗಾನ ಅಷ್ಟರಾಗ ಹಿಡೀಬೇಕು. ಏನು ಹಾಡಬೇಕು ಅನ್ನೋದಕ್ಕಿಂತ ಏನು ಬಿಡಬೇಕು ಅನ್ನೋದು ಗೊತ್ತಿದ್ದವರಿಗಷ್ಟ ಅದು ಸಾಧ್ಯ. ಕರೀಂ ಖಾನರ ಪ್ಲೇಟಿನ್ಯಾಗ ಮೊದಲನೇ ಸ್ವರಕ್ಕೇ ರಾಗ ಎದುರು ಬಂದು ನಿಂದರ್ತದ. ನಾ ಇವತ್ತಿಗೂ 78 ಕೇಳೋದು ಅದಕ್ಕ. ಅಷ್ಟು ಸಣ್ಣ ಜಾಗಾದಾಗ ಅಷ್ಟು ಕಟ್ಟಿದ ಸಂಗೀತ ಬ್ಯಾರೆ ಎಲ್ಲೂ ಸಿಗಂಗಿಲ್ಲ.

ಇನ್ನೊಂದು ಹೇಳಲೇಬೇಕು. ಗಂಗೂಬಾಯಿ ಹಾನಗಲ್ಲರು 1930ರ ದಶಕದಾಗ ಎಚ್‌ಎಂವಿ ರೆಕಾರ್ಡ್ ಕಂಪನಿಗೆ ಹಾಡಿದ ಪ್ಲೇಟಿನ ಮ್ಯಾಲ ಹೆಸರು "ಗಾಂಧಾರಿ ಹುಬ್ಬಳ್ಳಿ" ಅಂತ ಅದ. ಆ ದನಿ ಸಣ್ಣದು, ಎತ್ತರದ್ದು. ಮುಂದ ಗಂಟಲದ ಆಪರೇಶನ್ ಆದ ಮ್ಯಾಲ ನಾವೆಲ್ಲಾ ಬಲ್ಲ ಆ ಗಂಭೀರ, ಗಡಸು ದನಿ ಬಂತು. ಮದಲಿನ ದನಿ ಕೇಳಬೇಕಂದ್ರ ಆ ಪ್ಲೇಟುಗಳ ಹೊರತು ಬ್ಯಾರೆ ದಾರಿ ಇಲ್ರಿ.

ದೇವರಾಜ ಮೊಹಲ್ಲಾ:

ಧಾರವಾಡದವರು ಶುರುಮಾಡಿದ ಮೇಲೆ ಮೈಸೂರಿನವರು ಸುಮ್ಮನಿರುವುದು ಹೇಗೆ!

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡರು. ಹಾಡು ಮುಗಿಯುತ್ತಿದ್ದಂತೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಾರೆ. ಅದು ಗತ್ತಿಗಾಗಿ ಹೇಳಿದ್ದಲ್ಲ. ಮೂಲ ಮುದ್ರಿಕೆ ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಪ್ಲೇಟಾಗಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡು ಅಂತ ತಿಳಿಯಬೇಕಲ್ಲ. ಅಷ್ಟು ದೊಡ್ಡ ಹೆಸರು ಮಾಡಿದ ಗೌಹರ್ ಜಾನ್ ಕೊನೆಗೆ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1930ರ ಜನವರಿಯಲ್ಲಿ ತೀರಿಕೊಂಡದ್ದು ನಮ್ಮೂರಿನಲ್ಲೇ. ಮೈಸೂರಿನಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಇನ್ನು ಜಯಚಾಮರಾಜ ಒಡೆಯರು. ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರು, ಪಾಶ್ಚಾತ್ಯ ಪಿಯಾನೋವನ್ನೂ ಗಂಭೀರವಾಗಿ ಕಲಿತವರು. ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ವಯಸ್ಸಾಗಿ, ಕೈ ಖಾಲಿಯಾಗಿ, ಬಹುತೇಕ ಮರೆತುಹೋದ ಸ್ಥಿತಿಯಲ್ಲಿದ್ದಾಗ, ಅವರ ರಚನೆಗಳನ್ನು ಅವರೇ ನುಡಿಸಿ ಎಚ್‌ಎಂವಿಯಲ್ಲಿ ಮುದ್ರಿಸುವ ಖರ್ಚನ್ನು ಮಹಾರಾಜರು ವಹಿಸಿಕೊಂಡರು. ಮೆಟ್ನರ್ ಸೊಸೈಟಿ ಹುಟ್ಟಿದ್ದು ಹಾಗೆ. ಮೂರೂ ಪಿಯಾನೋ ಕನ್ಸರ್ಟೋಗಳು ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಜೊತೆ 78ರ ಪ್ಲೇಟಿಗೆ ಇಳಿದವು. ಮೆಟ್ನರ್ 1951ರಲ್ಲಿ ತೀರಿಕೊಂಡರು. ಮೂರನೆಯ ಕನ್ಸರ್ಟೋವನ್ನು ಅವರು ಅರ್ಪಿಸಿರುವುದು ಮೈಸೂರಿನ ಮಹಾರಾಜರಿಗೆ.

ಇವತ್ತು ಆ ಮುದ್ರಣ ಫೋನಿನಲ್ಲೂ ಸಿಗುತ್ತದೆ, ಸಿಗಲಿ. ಆದರೆ ಸಿಗುತ್ತಿರುವುದು ಯಾರೋ ಒಬ್ಬರು ದುಡ್ಡು ಹಾಕಿ ಪ್ಲೇಟು ಮಾಡಿಸಿದ್ದರಿಂದ.

ಮೂರನೇ ಸೆಮಿಸ್ಟರ್:

ಮಗಳ ವಯಸ್ಸಿನವಳಾಗಿ ನಾನು ಮಾತಾಡಬಹುದಾ? ನಾನು ಹುಟ್ಟುವ ಹೊತ್ತಿಗೆ ಕ್ಯಾಸೆಟ್ಟೇ ಮುಗಿಯುತ್ತಾ ಬಂದಿತ್ತು. ನನಗೆ ಪ್ಲೇಟಿನ ಹುಚ್ಚು ಹತ್ತಿದ್ದಕ್ಕೆ ಕಾರಣ, ಆ್ಯಪ್‌ನಲ್ಲಿ ನಾನು ಹಾಡು ಕೇಳುವುದನ್ನೇ ನಿಲ್ಲಿಸಿದ್ದೆ. ಹಾಡು ಬದಲಾಯಿಸುತ್ತಿದ್ದೆ ಅಷ್ಟೇ. ಆ್ಯಪ್‌ಗಳ ಲೆಕ್ಕವೂ ಹಾಗೇ ಇದೆ. ಸ್ಪಾಟಿಫೈನಲ್ಲಿ ಒಂದು ಹಾಡು 30 ಸೆಕೆಂಡ್ ಓಡಿದರೆ ಅದನ್ನು ಕೇಳಿದ ಹಾಗೆ ಎಣಿಸುತ್ತಾರೆ. ಹಾಗಿದ್ದ ಮೇಲೆ ಹಾಡು ಮಾಡುವವರು ಆ ಅರ್ಧ ನಿಮಿಷಕ್ಕೇ ಎಲ್ಲವನ್ನೂ ತುರುಕದೆ ಇರುತ್ತಾರಾ?

ಎಲ್‌ಪಿಯ ಒಂದು ಬದಿ ಇಪ್ಪತ್ತು ನಿಮಿಷ ಚಿಲ್ಲರೆ. ತೋಳು ಎತ್ತಿ, ಮೊದಲ ಗೆರೆಯ ಮೇಲೆ ಇಳಿಸಿ, ಒಂದು ಸಣ್ಣ "ಟಕ್" ಆದಮೇಲೆ ಚರಚರ ಸದ್ದಿನ ಒಳಗಿಂದ ತಂಬೂರಿ ಬರುತ್ತದೆ. ನಡುವೆ ಬೇಜಾರಾದರೂ ಎದ್ದು ಹೋಗಿ ಬದಲಾಯಿಸುವ ಶ್ರಮ ಇದೆಯಲ್ಲ, ಅದು ನನ್ನನ್ನು ಕೂರಿಸುತ್ತದೆ. ಬೇಜಾರು ಅನ್ನಿಸಿದ ವಿಲಂಬಿತ್ ಹತ್ತನೇ ನಿಮಿಷಕ್ಕೆ ತೆರೆದುಕೊಂಡದ್ದನ್ನು ನಾನು ಕೇಳಿದ್ದು ಹಾಗೆ. ಫೋನಿನಲ್ಲಾಗಿದ್ದರೆ ನಾನು ಅಲ್ಲಿವರೆಗೆ ಇರುತ್ತಲೇ ಇರಲಿಲ್ಲ. ನನಗಂತೂ ಕಾರಣ ಅದೇ. ಹಾಸ್ಟೆಲ್ಲಿನಲ್ಲಿ ಪ್ಲೇಟು ಹಾಕಿದರೆ ಪಕ್ಕದ ರೂಮಿನವರೂ ಬಂದು ಕೂರುತ್ತಾರೆ. ಇಯರ್‌ಫೋನ್ ಹಾಕಿಕೊಂಡರೆ ಯಾರು ಬರ್ತಾರೆ?

ಟೊರಾಂಟೊ ಕನ್ನಡಿಗ:

ಇಲ್ಲಿ ಅಂಗಡಿ ತುಂಬಾ ಹೊಸ ಪ್ಲೇಟು. ಪಕ್ಕದ ಅಮೆರಿಕದಲ್ಲಿ 2022ರಲ್ಲಿ ಸುಮಾರು 4.1 ಕೋಟಿ ವಿನೈಲ್ (ಎಲ್‌ಪಿ ಥರದ ಪ್ಲೇಟು) ಮಾರಾಟವಾದರೆ ಸಿಡಿ 3.3 ಕೋಟಿ. 1987ರಿಂದೀಚೆಗೆ ಸಂಖ್ಯೆಯಲ್ಲಿ ವಿನೈಲ್ ಮುಂದೆ ಬಂದದ್ದು ಅದೇ ಮೊದಲು. ಆದರೆ ಹೊಸ ಪ್ಲೇಟು ಕೊಳ್ಳುವಾಗ ಒಂದು ತಿಳಿದಿರಲಿ. ಅದೇ 2022ರಲ್ಲಿ, ಟೇಪಿನಿಂದ ನೇರವಾಗಿ ಪ್ಲೇಟಿಗೆ ಅಂತ ಜನ ನಂಬಿ ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಿದ್ದ ಮೊಬೈಲ್ ಫಿಡೆಲಿಟಿ ಕಂಪನಿಯ ಪ್ಲೇಟುಗಳಲ್ಲಿ ಹಲವಕ್ಕೆ ನಡುವೆ ಡಿಜಿಟಲ್ ಹಂತ ಇತ್ತು ಅಂತ ಹೊರಬಂತು. ಕಿವಿಯಲ್ಲೇ ಕಂಡುಹಿಡಿಯುತ್ತೇವೆ ಅನ್ನುತ್ತಿದ್ದ ಎಷ್ಟೋ ಪರಿಣತರು ವರ್ಷಗಟ್ಟಲೆ ಅವನ್ನೇ ಹೊಗಳಿದ್ದರು. ಸ್ಟುಡಿಯೋ ಮೂಲೆಯವರ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಡ.

ಹಾಸನದ ಟೇಪ್ ರೆಕಾರ್ಡರ್:

ಎಲ್ಲರೂ ಪ್ಲೇಟಿನ ಗುಣಗಾನ ಮಾಡ್ತಿದ್ದೀರಿ, ನಾನು ಎದುರು ಮಾತಾಡ್ತೀನಿ. ಪ್ಲೇಟು ಉಳ್ಳವರ ಮನೆ ವಸ್ತು. ನಮ್ಮಂಥವರ ಮನೆಗೆ ಭಾವಗೀತೆ, ದಾಸರಪದ, ಜಾನಪದ ಬಂದದ್ದು ಕ್ಯಾಸೆಟ್ಟಿನಿಂದ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ಕ್ಯಾಸೆಟ್ ಬಂದಮೇಲೆ ಕನ್ನಡ ಕವಿತೆ ಹೊಲಗದ್ದೆಯವರೆಗೂ ಹೋಯಿತು. ಎರಡು ಸಾವಿರ ಮೂರು ಸಾವಿರ ಕೊಟ್ಟು ಒಂದು ಪ್ಲೇಟು ಕೊಳ್ಳುವುದು ಇವತ್ತಿಗೂ ಎಲ್ಲರ ಕೈಲಾಗುವ ಮಾತಲ್ಲ. ಆ್ಯಪ್ ಬಂದು ಎಲ್ಲರಿಗೂ ಎಲ್ಲ ಸಿಗುವ ಹಾಗಾಯಿತಲ್ಲ, ಅದನ್ನು ಹಗುರವಾಗಿ ನೋಡಬೇಡಿ.

ಲೇಬಲ್ ಓದುವವನು:

ಹಾಸನದವರ ಮಾತಿನಲ್ಲಿ ಮೊದಲರ್ಧ ನೂರಕ್ಕೆ ನೂರು ಒಪ್ಪಿದೆ. "ಎಲ್ಲ ಸಿಗುವ ಹಾಗಾಯಿತು" ಅನ್ನುವುದನ್ನು ಮಾತ್ರ ಒಪ್ಪಲಾರೆ. ಇಲ್ಲಿಯವರೆಗೆ ಯಾರೂ ನೇರವಾಗಿ ಮುಟ್ಟದ ಕಾರಣವೂ ಅದೇ.

ಆ್ಯಪ್‌ನಲ್ಲಿ ಒಂದು ಹಳೆಯ ಖಯಾಲ್ ಹುಡುಕಿ. ಗಾಯಕರ ಹೆಸರು ಬರುತ್ತದೆ. ತಬಲಾ ಯಾರು? ಸಾರಂಗಿ ಯಾರು? ಎಷ್ಟೋ ಸಲ ಇರುವುದಿಲ್ಲ. ವರ್ಷ ಅಂತ ತೋರಿಸುವುದು ಅದನ್ನು ಡಿಜಿಟಲ್ಲಿಗೆ ಹಾಕಿದ ವರ್ಷ. 1930ರ ದಶಕದ ಹಾಡಿನ ಕೆಳಗೆ 2000ದ ಈಚಿನ ಇಸವಿ ಇರುತ್ತದೆ. ರಾಗದ ಹೆಸರು ತಪ್ಪಾಗಿರುವುದೂ ಉಂಟು. ಹಾಡು ಇದೆ, ಆದರೆ ಅದು ಯಾರದು, ಯಾವಾಗಿನದು, ಜೊತೆಗೆ ಯಾರು ಕೂತಿದ್ದರು ಅನ್ನುವುದೆಲ್ಲ ಉದುರಿಹೋಗಿದೆ. ಊರು, ತಂದೆತಾಯಿ ಹೆಸರು ಹೇಳಲಾರದ ಮಗು ಜಾತ್ರೆಯಲ್ಲಿ ನಿಂತ ಹಾಗೆ.

ಒಂದು ಎಲ್‌ಪಿಯ ಹಿಂಬದಿ ಓದಿ. ರಾಗ, ತಾಳ, ಎಷ್ಟು ನಿಮಿಷ, ತಬಲಾ, ಹಾರ್ಮೋನಿಯಂ, ಕೆಲವು ಸಲ ರಾಗದ ಚಲನೆಯ ವಿವರಣೆ. 78ರಲ್ಲಿ ಲಕೋಟೆ ಬರಿಯ ಕಂದು ಕಾಗದ, ಆದರೆ ಲೇಬಲ್ ಇದೆ. ಲೇಬಲ್ ಹರಿದಿದ್ದರೂ ಅದರ ಸುತ್ತ ನುಣುಪು ಜಾಗದಲ್ಲಿ ಮುದ್ರಿಕೆಯ ಸಂಖ್ಯೆ ಕೊರೆದಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಆ ಸಂಖ್ಯೆ ಹಿಡಿದು ಕಂಪನಿಯ ದಾಖಲೆಗಳಿಂದ ಮುದ್ರಣ ಯಾವಾಗ, ಎಲ್ಲಿ ನಡೆಯಿತು ಅಂತ ಪತ್ತೆ ಮಾಡುವವರಿದ್ದಾರೆ. ಮುಂಬಯಿಯಲ್ಲಿ 1990ರಲ್ಲಿ ಶುರುವಾದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಇಂಥ ಕೆಲಸವನ್ನೇ ಮಾಡಿಕೊಂಡು ಬಂದಿದೆ. ನಮ್ಮವರೇ ಆದ ವಿಕ್ರಮ್ ಸಂಪತ್ ಕಟ್ಟಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ ಪ್ಲೇಟುಗಳನ್ನು ಡಿಜಿಟಲ್ ಮಾಡಿ ಉಚಿತವಾಗಿ ಕೇಳಿಸುತ್ತಿದೆ.

ಇನ್ನು ನಮ್ಮ ಕಂಪನಿ ನಾಟಕದ ಹಾಡುಗಳು, ಹರಿಕಥೆಗಳು. 78ರ ಕಾಲದಲ್ಲಿ ಬಂದ ಇಂಥವುಗಳಲ್ಲಿ ಎಷ್ಟೋ ಯಾವ ಆ್ಯಪ್‌ನಲ್ಲೂ ಇಲ್ಲ. ಮಾರುಕಟ್ಟೆ ಇಲ್ಲದ್ದನ್ನು ಯಾರು ಹುಡುಕಿ ಹಾಕುತ್ತಾರೆ? ಅವು ಇರುವುದು ಯಾರದೋ ಅಟ್ಟದ ಟ್ರಂಕಿನಲ್ಲಿ. ನನ್ನ ಮಟ್ಟಿಗೆ ಪ್ಲೇಟು ಅಂದರೆ ಸಾಕ್ಷಿ. ಅದು ಒಡೆದರೆ ಆ ದನಿ ಇದ್ದದ್ದೇ ಸುಳ್ಳಾಗುತ್ತದೆ.

ಬಸವನಗುಡಿ ಕೇಳುಗ:

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಮೂರನೇ ಸೆಮಿಸ್ಟರ್ ಅವರದನ್ನೂ ಲೇಬಲ್ ಓದುವವರದನ್ನೂ ಮಗಳಿಗೆ ಓದಿಸಿದೆ. ಪ್ಲೇಯರ್ ಯಾವ ತರಹದ್ದು ನೋಡಲಿ?

ಸ್ಟುಡಿಯೋ ಮೂಲೆ:

ತೋಳಿನ ಹಿಂದೆ ಭಾರ ಸರಿಹೊಂದಿಸುವ ತಿರುಗಣೆ ಇರುವಂಥದ್ದು. ಈಗಿನ ಕಾರ್ಟ್ರಿಡ್ಜ್‌ಗಳಿಗೆ (ತೋಳಿನ ತುದಿಯಲ್ಲಿ ಸೂಜಿ ಕೂರುವ ಭಾಗ) ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಗ್ರಾಂ ಸಾಕು. ಸೂಟ್‌ಕೇಸ್ ಮಾದರಿಯ ಅಗ್ಗದವು ಅದರ ಎರಡು ಮೂರು ಪಟ್ಟು ಭಾರ ಹಾಕಿ ಗೆರೆ ಸವೆಸುತ್ತವೆ. ಎಲ್‌ಪಿ ಸೂಜಿಯಲ್ಲಿ 78 ಹಾಕಬೇಡಿ. 78ರ ಗೆರೆ ಬಹಳ ಅಗಲ, ಅದಕ್ಕೆ ಬೇರೆ ಸೂಜಿ ಇದೆ. ಪ್ಲೇಟುಗಳನ್ನು ನೆಟ್ಟಗೆ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ.

ತೀರ್ಥಹಳ್ಳಿ ತೊಟ್ಟಿಮನೆ:

ಟ್ರಂಕಿನ ಮಾತು ಬಂದಿದ್ದಕ್ಕೆ ಬರೀತಿದ್ದೇನೆ. ನಮ್ಮ ಅಜ್ಜನ ಕಾಲದ 78ರ ಪ್ಲೇಟುಗಳು ಒಂದು ಪೆಟ್ಟಿಗೆ ಇವೆ. ಮಳೆಗಾಲದ ಥಂಡಿಗೆ ಮೇಲೆಲ್ಲ ಬಿಳಿ ಬೂಸಲು ಹಿಡಿದಿದೆ. ಕೆಲವು ನಾಟಕದ ಹಾಡುಗಳು ಅಂತ ಲೇಬಲ್ ನೋಡಿದರೆ ಗೊತ್ತಾಗ್ತದೆ. ನಾಳೆ ಭಾನುವಾರ, ಸ್ಪಿರಿಟ್ ಹಾಕಿ ಒರೆಸಿ ಇಡೋಣ ಅಂತಿದ್ದೇನೆ.

ಸ್ಟುಡಿಯೋ ಮೂಲೆ:

ದಯವಿಟ್ಟು ಸ್ಪಿರಿಟ್ ಮುಟ್ಟಿಸಬೇಡಿ! 78ರ ಪ್ಲೇಟು ವಿನೈಲ್ ಅಲ್ಲ, ಅರಗು ಮತ್ತು ಕಲ್ಲಿನ ಪುಡಿ ಸೇರಿಸಿ ಒತ್ತಿದ್ದು. ಬಡಗಿಗಳು ಮರಕ್ಕೆ ಹೊಡೆಯುವ ಪಾಲಿಶ್ ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅದೇ ಅರಗು. ನೀವು ಒರೆಸಿದರೆ ಗೆರೆಯೇ ಕರಗುತ್ತದೆ. ಎಲ್‌ಪಿಗೆ ನಡೆಯುವ ಕ್ಲೀನಿಂಗ್ ದ್ರಾವಣಗಳಲ್ಲೂ ಆಲ್ಕೋಹಾಲ್ ಇರಬಹುದು, ಅವೂ ಬೇಡ.

ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ, ಒಣ ಮೆತ್ತನೆ ಬ್ರಶ್‌ನಿಂದ ಬೂಸಲನ್ನು ಮೊದಲು ಕೊಡವಿ. ಆಮೇಲೆ ಡಿಸ್ಟಿಲ್ಡ್ ವಾಟರಿಗೆ ಒಂದೇ ಹನಿ ಪಾತ್ರೆ ತೊಳೆಯುವ ಸೋಪು. ಗೆರೆಯ ಗುಂಟ ಸುತ್ತಾಗಿ ಒರೆಸಿ, ಅಡ್ಡಡ್ಡ ಬೇಡ. ಲೇಬಲ್ ಒದ್ದೆಯಾಗಬಾರದು, ನೀರಿನಲ್ಲಿ ನೆನೆಹಾಕಬಾರದು. ಬರೀ ನೀರಿನಲ್ಲಿ ಮತ್ತೊಮ್ಮೆ ಒರೆಸಿ ಕೂಡಲೇ ಒಣಗಿಸಿ, ನೆರಳಿನಲ್ಲಿ. ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ.

ತೀರ್ಥಹಳ್ಳಿ ತೊಟ್ಟಿಮನೆ:

ಬರೆದದ್ದು ಒಳ್ಳೆಯದಾಯ್ತು ಸಾರ್. ಹಾಗಾದರೆ ಇವನ್ನು ನುಡಿಸಿ ನೋಡುವುದು ಹೇಗೆ? ಅಜ್ಜನ ಚಾವಿ ಕೊಡುವ ಯಂತ್ರ ಇದೆ, ಸ್ಟೀಲ್ ಪಿನ್ನಿನ ಡಬ್ಬಿಯೂ ಇದೆ.

ಧಾರವಾಡದಾಂವ:

ಅದರಾಗ ಹಾಕಬ್ಯಾಡ್ರಿ. ಪಿನ್ನು ಹಿಡಿಯೋ ಆ ಸೌಂಡ್ ಬಾಕ್ಸಿನ ಭಾರ ನೂರು ಗ್ರಾಂ ಮ್ಯಾಲ ಇರ್ತದ. ಪಿನ್ನು ಒಂದು ಬದಿಗೆ ಒಂದರಂತೆ ಬದಲಿಸಬೇಕು, ಇಲ್ಲಾಂದ್ರ ಗೆರಿ ಕೆತ್ತಿ ಹಾಕ್ತದ. ಬ್ಯಾರೆ ಎಲ್ಲೂ ಸಿಗದ ಪ್ಲೇಟು ಇದ್ದರ ಮೊದಲನೇ ಸರ್ತಿ ನುಡಿಸೋದೇ ಡಿಜಿಟಲ್ ಮಾಡೋ ಸಲುವಾಗಿ ಆಗಲಿ. ನನ್ನ ಹತ್ರ 78ರ ಸೂಜಿ, ವೇಗ ಸಣ್ಣಗ ಹೆಚ್ಚು ಕಡಿಮಿ ಮಾಡೋ ಟರ್ನ್‌ಟೇಬಲ್ ಎರಡೂ ಅವ.

ವೇಗದ ಮಾತು ಯಾಕ ಅಂದ್ರ, 78 ಅಂತ ಬರದಿದ್ರೂ ಹಳೇ ಪ್ಲೇಟುಗಳು ಎಲ್ಲಾ ಸರಿಯಾಗಿ 78ಕ್ಕೇ ಮುದ್ರಣ ಆಗಿರಂಗಿಲ್ಲ. 74ರ ಹತ್ರ ಮುದ್ರಿಸಿದ್ದನ್ನ 78ಕ್ಕ ತಿರುಗಿಸಿದ್ರ ಶ್ರುತಿ ಹೆಚ್ಚುಕಡಿಮಿ ಅರ್ಧ ಮನಿ ಏರ್ತದ. ಹಾರ್ಮೋನಿಯಂನ ಬಿಳಿ ಎರಡರಾಗ ಹಾಡಿದ ಮನಷಾ ಕರಿ ಎರಡರಾಗ ಹಾಡಿದಂಗ ಕೇಳ್ತದ, ದನಿಯ ಬಣ್ಣನೂ ಬದಲಾಗ್ತದ. ನಾಟಕದ ಹಾಡಿನ್ಯಾಗ ಕಾಲ್ಪೆಟಿಗಿ (ಕಾಲಿಲೆ ಒತ್ತೋ ಹಾರ್ಮೋನಿಯಂ) ಇದ್ರ ಅದರ ಸ್ವರ ಹಿಡಿದು ವೇಗ ಅಂದಾಜು ಮಾಡಬಹುದು.

ವಕೀಲರ ಮನೆ:

ಹಂಚಿಕೊಳ್ಳುವ ಯೋಚನೆ ಇದ್ದರೆ ಒಂದು ಮಾತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಅದು ಹೊರಬಂದ ಮರುವರ್ಷದಿಂದ 60 ವರ್ಷ. ಆ 60 ವರ್ಷ ದಾಟಿದ ಮುದ್ರಣಗಳ ಅವಧಿ ಮುಗಿದಿದೆ. ಹಾಡಿನ ಸಾಹಿತ್ಯ, ಸಂಗೀತ ರಚನೆಯ ಹಕ್ಕು ಬೇರೆ. ಅದು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ನಾಟಕದ ಹಾಡು ಬರೆದವರು ಯಾರು ಅಂತ ಲೇಬಲ್ಲಿನಲ್ಲಿ ಇದ್ದರೆ ಅದನ್ನು ಬರೆದಿಟ್ಟುಕೊಳ್ಳಿ.

ಲೇಬಲ್ ಓದುವವನು:

ತೀರ್ಥಹಳ್ಳಿಯವರೇ, ತೊಳೆಯುವ ಮುಂಚೆಯೇ ಪ್ರತಿ ಪ್ಲೇಟಿನ ಎರಡೂ ಬದಿಯ ಲೇಬಲ್ ಫೋಟೋ ತೆಗೆಯಿರಿ. ನೀರು ತಾಗಿದರೆ ಹಳೆಯ ಶಾಯಿ ಹೋದೀತು. ಒಡೆದ ಪ್ಲೇಟಿದ್ದರೂ ಎಸೆಯಬೇಡಿ, ಚೂರುಗಳನ್ನು ಒಂದೇ ಲಕೋಟೆಯಲ್ಲಿಡಿ.

ತೀರ್ಥಹಳ್ಳಿ ತೊಟ್ಟಿಮನೆ:

ಫೋಟೋ ತೆಗೆದು ಮುಗೀತು. ಹೆಚ್ಚಿನವು ಓದ್ಲಿಕ್ಕೆ ಬರ್ತವೆ. ಒಂದರಲ್ಲಿ ಮಾತ್ರ ಹೆಸರಿದ್ದ ಜಾಗವನ್ನೇ ಗೆದ್ದಲು ತಿಂದಿದೆ, "ನಾಟಕದ ಹಾಡು" ಅನ್ನೋದಷ್ಟೇ ಉಳಿದಿದೆ. ಟಾರ್ಚ್ ಓರೆಯಾಗಿ ಬಿಟ್ಟಾಗ ಲೇಬಲ್ಲಿನ ಅಂಚಿಗೆ ಕೊರೆದ ಸಂಖ್ಯೆ ಕಂಡಿತು, ಅದರ ಫೋಟೋನೂ ಹಾಕ್ತೇನೆ. ಧಾರವಾಡದ ಸಾರ್, ಮಳೆ ಸ್ವಲ್ಪ ಹೊಳವಾದ ಮೇಲೆ ಪೆಟ್ಟಿಗೆ ತಗೊಂಡು ನಾನೇ ಬರ್ತೇನೆ. ಬಸ್ಸಿನಲ್ಲಿ ತಂದರೆ ಒಡೆದೀತಾ?

ಧಾರವಾಡದಾಂವ:

ಬರ್ರಿ, ಅವಶ್ಯ ಬರ್ರಿ. ಲಗೇಜಿಗೆ ಹಾಕಬ್ಯಾಡ್ರಿ, ತೊಡಿ ಮ್ಯಾಲೇ ಇಟ್ಕೊಂಡು ಕೂಡ್ರಿ. ಪ್ಲೇಟು ನೆಟ್ಟಗ ನಿಲ್ಲೂ ಹಂಗ ಇಟ್ಟು, ನಡುವ ದಪ್ಪ ರಟ್ಟು ಕೊಡ್ರಿ. ಆ ಗೆದ್ದಲು ತಿಂದ ಪ್ಲೇಟು ಮೊದಲು ಹಾಕೋಣು.